ಹುಳಿಯ ಬಲ ಎಲ್ಲಿಂದ ಬರುತ್ತದೆ?

(ಸುವರ್ಣ ಮಹೋತ್ಸವದ ವಿಜ್ಞಾನ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



ನಾನು ರಸಾಯನಶಾಸ್ತ್ರದವನಲ್ಲ. ಓದಿದ್ದು ಬಿ.ಇ., ಹೊಟ್ಟೆಪಾಡು ಸಾಫ್ಟ್‌ವೇರ್. ಸ್ವಾಗತ ಸಮಿತಿಯವರು ಕಂಪ್ಯೂಟರ್ ಬಗ್ಗೆ ನಾಲ್ಕು ಮಾತು ಹೇಳಿ ಎಂದಿದ್ದರು. ಅದನ್ನು ಮಕ್ಕಳಿಗೆ ನನಗಿಂತ ಚೆನ್ನಾಗಿ ಅವರ ಮನೆಯ ಮೊಬೈಲೇ ಹೇಳುತ್ತದೆ. ಹಾಗಾಗಿ ಅವರ ಒಪ್ಪಿಗೆ ಪಡೆದು, ಹತ್ತನೇ ತರಗತಿಯ ವಿಜ್ಞಾನ ಪುಸ್ತಕದಲ್ಲಿ ಒಂದೆರಡು ವಾಕ್ಯದಲ್ಲೇ ದಾಟಿಹೋಗುವ ಒಂದು ಸಂಗತಿಯನ್ನು ತಂದಿದ್ದೇನೆ. ಹೈಡ್ರೋಕ್ಲೋರಿಕ್ ಆಮ್ಲ ಪ್ರಬಲ, ಎಥನೋಯಿಕ್ ಆಮ್ಲ ದುರ್ಬಲ ಎಂದು ಪುಸ್ತಕ ಹೇಳುತ್ತದೆ. ದುರ್ಬಲ ಎಂದರೆ ಎಷ್ಟು ದುರ್ಬಲ? ಯಾಕೆ ದುರ್ಬಲ? ಆ ಬಲವನ್ನು ಹೆಚ್ಚು ಕಡಿಮೆ ಮಾಡಲಿಕ್ಕೆ ಬರುತ್ತದೆಯೇ? ನಮ್ಮಂಥ ರಬ್ಬರ್ ಬೆಳೆಯುವ ಊರಿಗೆ ಇದು ಪರೀಕ್ಷೆಯ ಪ್ರಶ್ನೆ ಮಾತ್ರ ಅಲ್ಲ.

ನಮ್ಮಲ್ಲಿ ಹಲವರ ಮನೆಯಲ್ಲಿ ಎರಡು ಹುಳಿ ಉಂಟು. ಒಂದು ಅಡುಗೆಮನೆಯ ವಿನೆಗರ್ ಬಾಟಲಿ. ಅದರೊಳಗಿನದು ಅಸಿಟಿಕ್ ಆಮ್ಲ. ಪುಸ್ತಕದ ಹೆಸರು ಎಥನೋಯಿಕ್ ಆಮ್ಲ. ಇನ್ನೊಂದು ರಬ್ಬರ್ ಶೆಡ್ಡಿನ ಮೂಲೆಯಲ್ಲಿರುವ ಪ್ಲಾಸ್ಟಿಕ್ ಕ್ಯಾನು. ನಾವು ಬರೀ 'ಆಸಿಡ್' ಎನ್ನುವ ಅದು ಫಾರ್ಮಿಕ್ ಆಮ್ಲ. ಎರಡೂ ಕಾರ್ಬಾಕ್ಸಿಲಿಕ್ ಆಮ್ಲಗಳ ಕುಟುಂಬದವು, ಎರಡೂ ಪುಸ್ತಕದ ಪ್ರಕಾರ ದುರ್ಬಲ ಆಮ್ಲಗಳೇ. ಆದರೆ ಒಂದನ್ನು ಉಪ್ಪಿನಕಾಯಿಗೆ ಹಾಕುತ್ತೇವೆ, ಇನ್ನೊಂದು ಕೈಗೆ ಬಿದ್ದರೆ ಚರ್ಮ ಏಳುತ್ತದೆ. ಈ ವ್ಯತ್ಯಾಸಕ್ಕೆ ಎರಡು ಕಾರಣ ಉಂಟು. ಒಂದು ಅಣುವಿನ ಒಳಗಿನದು, ಇನ್ನೊಂದು ಕ್ಯಾನಿನ ಲೇಬಲ್ ಮೇಲಿನದು. ಎರಡನ್ನೂ ಬೇರೆ ಬೇರೆಯಾಗಿಯೇ ನೋಡಬೇಕು.

ಮೊದಲು ಅಣುವಿನ ಒಳಗೆ ಹೋಗೋಣ. ಕಾರ್ಬಾಕ್ಸಿಲಿಕ್ ಆಮ್ಲ ಯಾವುದೇ ಇರಲಿ, ಅದರ ಒಂದು ತುದಿ ಒಂದೇ ರೀತಿ ಇರುತ್ತದೆ: ಒಂದು ಕಾರ್ಬನ್, ಅದಕ್ಕೆ ಎರಡು ಆಕ್ಸಿಜನ್, ಒಂದು ಆಕ್ಸಿಜನ್ನಿಗೆ ಅಂಟಿಕೊಂಡ ಹೈಡ್ರೋಜನ್. ಸಿ-ಓ-ಓ-ಎಚ್ ಎಂದು ಬೋರ್ಡಿನ ಮೇಲೆ ಬರೆಯುತ್ತೇವಲ್ಲ, ಅದೇ ಕ್ರಿಯಾ ಗುಂಪು. ನೀರಿಗೆ ಹಾಕಿದಾಗ ಆ ಹೈಡ್ರೋಜನ್ ತನ್ನ ಎಲೆಕ್ಟ್ರಾನನ್ನು ಬಿಟ್ಟು ಹೊರಡುತ್ತದೆ. ಹುಳಿ ಎಂದು ನಾಲಿಗೆಗೆ ತಿಳಿಯುವುದು, ಲಿಟ್ಮಸ್ ಕೆಂಪಾಗುವುದು, ರಬ್ಬರ್ ಹಾಲು ಗಟ್ಟಿಯಾಗುವುದು, ಎಲ್ಲ ಈ ಹೊರಟುಹೋದ ಹೈಡ್ರೋಜನ್ ಅಯಾನಿನ ಕೆಲಸ. ಎಷ್ಟು ಸುಲಭವಾಗಿ ಅದು ಹೊರಡುತ್ತದೋ ಆಮ್ಲ ಅಷ್ಟು ಪ್ರಬಲ.

ತುದಿ ಎಲ್ಲದರಲ್ಲೂ ಒಂದೇ ಆದರೆ ಬಲವೂ ಒಂದೇ ಇರಬೇಕಿತ್ತಲ್ಲ? ಇಲ್ಲ. ಹೊರಡುವ ಹೈಡ್ರೋಜನ್ನನ್ನೇ ನೋಡುತ್ತಾ ಕೂತರೆ ಉತ್ತರ ಸಿಗುವುದಿಲ್ಲ. ಅದು ಹೋದ ಮೇಲೆ ಹಿಂದೆ ಉಳಿದದ್ದನ್ನು ನೋಡಬೇಕು. ಹೈಡ್ರೋಜನ್ ಎಲೆಕ್ಟ್ರಾನ್ ಬಿಟ್ಟುಹೋದದ್ದರಿಂದ ಉಳಿದ ಭಾಗಕ್ಕೆ ಒಂದು ಋಣಾವೇಶ ಬಂತು. ಆವೇಶ ಎಂದರೆ ಅಣುವಿಗೆ ಹೊರೆ. ಆ ಹೊರೆಯನ್ನು ಹೊರುವುದು ಸುಲಭವಾದರೆ ಹೈಡ್ರೋಜನ್ ಆರಾಮವಾಗಿ ಹೋಗುತ್ತದೆ. ಕಷ್ಟವಾದರೆ ತಿರುಗಿ ಬಂದು ಕೂರುತ್ತದೆ.

ಎಥನಾಲ್‌ಗೂ ಓ-ಎಚ್ ಉಂಟು, ಆದರೆ ಅದು ಹುಳಿಯಲ್ಲ. ಯಾಕೆಂದರೆ ಅಲ್ಲಿ ಹೊರೆ ಹೊರಲಿಕ್ಕೆ ಒಂದೇ ಆಕ್ಸಿಜನ್. ಸಿ-ಓ-ಓ-ಎಚ್‌ನಲ್ಲಿ ಎರಡು ಆಕ್ಸಿಜನ್‌ಗಳಿದ್ದು, ಆವೇಶ ಎರಡರ ಮೇಲೂ ಸಮನಾಗಿ ಹಂಚಿಹೋಗುತ್ತದೆ. ಅಡಿಕೆ ಮೂಟೆಯನ್ನು ಒಬ್ಬ ತಲೆಯ ಮೇಲೆ ಹೊರುವುದಕ್ಕೂ, ಬಡಿಗೆಗೆ ಕಟ್ಟಿ ಇಬ್ಬರು ಹೊರುವುದಕ್ಕೂ ಇರುವಷ್ಟು ವ್ಯತ್ಯಾಸ. ಅಷ್ಟರಿಂದಲೇ ಅಸಿಟಿಕ್ ಆಮ್ಲ ಎಥನಾಲಿಗಿಂತ ಸಾವಿರ ಕೋಟಿ ಪಟ್ಟಿಗೂ ಹೆಚ್ಚು ಪ್ರಬಲ.

ಈ ಇಬ್ಬರು ಹೊರುವವರ ಪಕ್ಕದಲ್ಲಿ ಮೂರನೆಯವರೊಬ್ಬರು ನಿಂತಿರುತ್ತಾರೆ. ಅವರು ಯಾರು ಎಂಬುದೇ ನಮ್ಮ ವಿಷಯ. ಫಾರ್ಮಿಕ್ ಆಮ್ಲದಲ್ಲಿ ಆ ಜಾಗದಲ್ಲಿರುವುದು ಬರೀ ಒಂದು ಹೈಡ್ರೋಜನ್. ಅಸಿಟಿಕ್ ಆಮ್ಲದಲ್ಲಿ ಒಂದು ಮೀಥೈಲ್ ಗುಂಪು, ಅಂದರೆ ಒಂದು ಕಾರ್ಬನ್ ಮತ್ತು ಮೂರು ಹೈಡ್ರೋಜನ್. ಮೀಥೈಲ್ ಗುಂಪು ತನ್ನ ಎಲೆಕ್ಟ್ರಾನುಗಳನ್ನು ಸ್ವಲ್ಪ ಈಚೆಗೆ ತಳ್ಳುತ್ತದೆ. ಆಗಲೇ ಹೊರೆ ಹೊತ್ತವರ ತಲೆಗೆ ಇನ್ನೊಂದು ಸೇರು ಹಾಕಿದ ಹಾಗೆ. ಹಾಗಾಗಿ ಅಸಿಟಿಕ್ ಆಮ್ಲ ಫಾರ್ಮಿಕ್‌ಗಿಂತ ದುರ್ಬಲ. ಅದೇ ಮೀಥೈಲ್ ಗುಂಪಿನ ಒಂದು ಹೈಡ್ರೋಜನ್ ತೆಗೆದು ಅಲ್ಲಿ ಕ್ಲೋರಿನ್ ಕೂರಿಸಿದರೆ ಕತೆ ತಿರುಗುತ್ತದೆ. ಕ್ಲೋರಿನ್ ಎಲೆಕ್ಟ್ರಾನುಗಳನ್ನು ತನ್ನ ಕಡೆಗೆ ಎಳೆದುಕೊಳ್ಳುವ ಜಾತಿ. ಅದು ಹೊರೆಗೆ ಕೈ ಕೊಡುತ್ತದೆ. ಹೊರೆ ಹಗುರವಾಯಿತು, ಹೈಡ್ರೋಜನ್ ಹೊರಟಿತು, ಆಮ್ಲ ಪ್ರಬಲವಾಯಿತು.

ಈ ಬಲವನ್ನು ಅಳೆಯಲಿಕ್ಕೆ ಪಿಕೆಎ ಎಂಬ ಅಂಕಿ ಉಂಟು. ಪಿಯುಸಿಗೆ ಹೋದ ಮೇಲೆ ಅದರ ಸೂತ್ರ ಬರುತ್ತದೆ. ಈಗ ಇಷ್ಟು ಸಾಕು: ಅಂಕಿ ಕಡಿಮೆಯಾದಷ್ಟೂ ಆಮ್ಲ ಪ್ರಬಲ, ಒಂದು ಅಂಕಿ ಕೆಳಗಿಳಿದರೆ ಬಲ ಹತ್ತು ಪಟ್ಟು. ಅಸಿಟಿಕ್ 4.76, ಫಾರ್ಮಿಕ್ 3.75. ಒಂದು ಕ್ಲೋರಿನ್ ಸೇರಿದ ಕ್ಲೋರೋಅಸಿಟಿಕ್ 2.86, ಎರಡು ಕ್ಲೋರಿನ್ ಸೇರಿದರೆ ಸುಮಾರು 1.3, ಮೂರು ಸೇರಿದರೆ ಸುಮಾರು 0.7.

ಅಂಕಿ ಬರೆದರೆ ಮನಸ್ಸಿಗೆ ಇಳಿಯುವುದಿಲ್ಲ. ನಾನು ನನ್ನ ಕಸುಬಿನವರ ಅಭ್ಯಾಸದಂತೆ ಹತ್ತು ಸಾಲಿನ ಒಂದು ಪ್ರೋಗ್ರಾಂ ಬರೆದು ತಲೆ ಎಣಿಸಿದೆ. ಲೀಟರಿಗೆ 0.1 ಮೋಲ್ ಇರುವ ಹಾಗೆ ಎಲ್ಲ ಆಮ್ಲಗಳನ್ನೂ ಒಂದೇ ತೆಳುವಿಗೆ ನೀರಿನಲ್ಲಿ ಬೆರೆಸಿದರೆ, ಸಾವಿರ ಅಣುಗಳಲ್ಲಿ ಎಷ್ಟು ಅಣುಗಳು ಹೈಡ್ರೋಜನ್ ಬಿಡುತ್ತವೆ? ಅಸಿಟಿಕ್‌ನಲ್ಲಿ ಬರೀ 13. ಉಳಿದ 987 ಅಣುಗಳು ಮುಷ್ಟಿ ಬಿಗಿಹಿಡಿದೇ ಕೂತಿರುತ್ತವೆ. ಫಾರ್ಮಿಕ್‌ನಲ್ಲಿ 41. ಒಂದು ಕ್ಲೋರಿನ್ ಇದ್ದರೆ 110ರಷ್ಟು. ಎರಡಿದ್ದರೆ ಹತ್ತಿರ ಹತ್ತಿರ ಅರ್ಧದಷ್ಟು. ಮೂರಿದ್ದರೆ ಮುಕ್ಕಾಲು ಪಾಲು. ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಸಾವಿರಕ್ಕೆ ಸಾವಿರವೂ ಬಿಡುತ್ತವೆ. ಹೀಗೆ ನೋಡಿದರೆ ಪುಸ್ತಕದ 'ದುರ್ಬಲ' ಮತ್ತು 'ಪ್ರಬಲ' ಎರಡು ಬೇರೆ ಕೋಣೆಗಳಲ್ಲ. ಒಂದೇ ಏಣಿಯ ಮೆಟ್ಟಿಲುಗಳು. ಸಿ-ಓ-ಓ-ಎಚ್ ಅನ್ನು ಮುಟ್ಟದೆ, ಪಕ್ಕದಲ್ಲಿರುವವರನ್ನು ಮಾತ್ರ ಬದಲಿಸುತ್ತಾ ಹೋಗಿ ವಿನೆಗರ್ ಜಾತಿಯ ಆಮ್ಲವನ್ನು ಖನಿಜಾಮ್ಲಗಳ ಹತ್ತಿರಕ್ಕೆ ಏರಿಸಬಹುದು.

ಈಗ ಶೆಡ್ಡಿಗೆ ಬರೋಣ. ರಬ್ಬರ್ ಹಾಲು ಎಂದರೆ ನೀರಿನಲ್ಲಿ ತೇಲುವ ರಬ್ಬರಿನ ಸಣ್ಣ ಸಣ್ಣ ಕಣಗಳು. ಪ್ರತಿ ಕಣದ ಮೇಲೂ ಪ್ರೋಟೀನಿನ ಒಂದು ಹೊದಿಕೆ, ಅದರ ಮೇಲೆ ಋಣಾವೇಶ. ಎಲ್ಲ ಕಣಗಳ ಆವೇಶವೂ ಒಂದೇ ಆದ್ದರಿಂದ ಒಂದನ್ನೊಂದು ದೂರ ತಳ್ಳುತ್ತಾ ಹಾಲು ಹಾಲಾಗಿಯೇ ಇರುತ್ತದೆ. ಆಸಿಡ್ ಹಾಕಿದಾಗ ಹೈಡ್ರೋಜನ್ ಅಯಾನುಗಳು ಹೋಗಿ ಆ ಆವೇಶವನ್ನು ತೀರಿಸುತ್ತವೆ. ಪಿಎಚ್ 5ರ ಕೆಳಗೆ ಇಳಿಯುತ್ತಿದ್ದಂತೆ ತಳ್ಳಾಟ ನಿಂತು ಕಣಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಮರುದಿನ ಬೆಳಿಗ್ಗೆ ಟ್ರೇಯಲ್ಲಿ ಬಿಳಿ ಗಟ್ಟಿ, ಅದನ್ನು ರೋಲರಿಗೆ ಕೊಟ್ಟರೆ ಶೀಟ್. ಮನೆಯಲ್ಲಿ ಹಾಲು ಮೊಸರಾಗುವುದೂ ಇದೇ ಉಪಾಯದಿಂದ. ಅಲ್ಲಿ ಪಿಎಚ್ 4.6ರ ಹತ್ತಿರ ಹಾಲಿನ ಪ್ರೋಟೀನು ಒಂದಕ್ಕೊಂದು ಅಂಟುತ್ತದೆ, ಆಸಿಡ್ ಹಾಕುವ ಕೆಲಸವನ್ನು ಹೆಪ್ಪಿನೊಳಗಿನ ಬ್ಯಾಕ್ಟೀರಿಯಾ ಮಾಡುತ್ತವೆ.

ರಬ್ಬರಿಗೆ ಫಾರ್ಮಿಕ್ ಯಾಕೆ, ಅಸಿಟಿಕ್ ಯಾಕಲ್ಲ? ಅಸಿಟಿಕ್ ಆಮ್ಲದಿಂದಲೂ ಹಾಲು ಗಟ್ಟಿಯಾಗುತ್ತದೆ, ಆದರೆ ಹೆಚ್ಚು ಬೇಕು. ಎಷ್ಟು ಹೆಚ್ಚು ಎಂಬುದನ್ನು ಆ ಎರಡು ಪಿಕೆಎ ಅಂಕಿಗಳಿಂದಲೇ ಲೆಕ್ಕ ಹಾಕಬಹುದು. ಹಾಲು ಗಟ್ಟಿಯಾಗುವ ಪಿಎಚ್ ಅನ್ನು 4.75 ಎಂದು ಇಟ್ಟುಕೊಳ್ಳಿ. ಆ ಹಂತದಲ್ಲಿ ಅಸಿಟಿಕ್‌ನ ಹತ್ತು ಅಣುಗಳಲ್ಲಿ ಐದು ಮಾತ್ರ ಹೈಡ್ರೋಜನ್ ಕೊಟ್ಟಿರುತ್ತವೆ. ಫಾರ್ಮಿಕ್‌ನ ಹತ್ತರಲ್ಲಿ ಒಂಬತ್ತು ಕೊಟ್ಟಿರುತ್ತವೆ. ಆಗಲೇ ಹೇಳಿದ 13 ಮತ್ತು 41 ಬರೀ ನೀರಿನಲ್ಲಿನ ಲೆಕ್ಕ. ಇಲ್ಲಿ ಹೈಡ್ರೋಜನ್ನನ್ನು ಬೇಡುವವರು ಎದುರಿಗೇ ಇರುವುದರಿಂದ ಹೆಚ್ಚು ಅಣುಗಳು ಬಿಟ್ಟುಕೊಡುತ್ತವೆ. ಇದರ ಮೇಲೆ ಇನ್ನೊಂದು ಲಾಭ. ಮೀಥೈಲ್ ಗುಂಪು ಇಲ್ಲದ್ದರಿಂದ ಫಾರ್ಮಿಕ್‌ನ ಅಣು ಹಗುರ. ಅದರ ಅಣುತೂಕ 46, ಅಸಿಟಿಕ್‌ನದು 60. ಅಂದರೆ ಒಂದು ಕಿಲೋದಲ್ಲಿ ಫಾರ್ಮಿಕ್‌ನ ಅಣುಗಳೇ ಹೆಚ್ಚು ಬರುತ್ತವೆ. ಎರಡನ್ನೂ ಸೇರಿಸಿದರೆ ಅದೇ ಕೆಲಸಕ್ಕೆ ಅಸಿಟಿಕ್ ತೂಕದಲ್ಲಿ ಎರಡು ಪಟ್ಟಿಗಿಂತ ಸ್ವಲ್ಪ ಹೆಚ್ಚು ಬೇಕಾಗುತ್ತದೆ. ಕೆಲಸ ಮಾಡುವವರ ಅನುಭವದ ಅಳತೆಯೂ ಹೆಚ್ಚುಕಡಿಮೆ ಅಲ್ಲಿಗೇ ಬಂದು ನಿಲ್ಲುತ್ತದೆ. ಒಂದು ಮೀಥೈಲ್ ಗುಂಪಿನ ತಳ್ಳಾಟ ನಮ್ಮ ತಿಂಗಳ ಖರ್ಚಿನ ಪುಸ್ತಕದಲ್ಲಿ ಹೀಗೆ ಕಾಣಿಸಿಕೊಳ್ಳುತ್ತದೆ.

ಹಾಗಾದರೆ ಇನ್ನೂ ಪ್ರಬಲವಾದ್ದು, ಅಗ್ಗದ ಗಂಧಕಾಮ್ಲವೇ ಆಗಬಹುದಲ್ಲ ಎಂದು ಕೇಳುವವರಿದ್ದಾರೆ. ಗಟ್ಟಿಯೇನೋ ಆಗುತ್ತದೆ. ಆದರೆ ಫಾರ್ಮಿಕ್ ಆಮ್ಲ ಒಣಗುವಾಗ ಬಹುಪಾಲು ಆವಿಯಾಗಿ ಹೋಗುತ್ತದೆ, ಗಂಧಕಾಮ್ಲ ಹೋಗುವುದಿಲ್ಲ. ಸರಿಯಾಗಿ ತೊಳೆಯದಿದ್ದರೆ ಶೀಟಿನಲ್ಲೇ ಉಳಿದು ರಬ್ಬರನ್ನು ಕೆಡಿಸುತ್ತದೆ, ರೋಲರನ್ನೂ ತಿನ್ನುತ್ತದೆ. ಬಲ ಹೆಚ್ಚಿದ್ದೇ ಒಳ್ಳೆಯ ಆಸಿಡ್ ಎಂಬ ಲೆಕ್ಕ ಇಲ್ಲಿ ಹಿಡಿಯುವುದಿಲ್ಲ.

ಫಾರ್ಮಿಕ್ ಎಂಬ ಹೆಸರು ಬಂದದ್ದು ಇರುವೆಯಿಂದ. ಲ್ಯಾಟಿನ್ ಭಾಷೆಯಲ್ಲಿ ಇರುವೆಗೆ ಫಾರ್ಮಿಕಾ ಎನ್ನುತ್ತಾರೆ. 17ನೇ ಶತಮಾನದಲ್ಲೇ ಇಂಗ್ಲೆಂಡಿನ ಜಾನ್ ರೇ ಎಂಬ ನಿಸರ್ಗಶಾಸ್ತ್ರಜ್ಞರು ಇರುವೆಗಳನ್ನು ಭಟ್ಟಿ ಇಳಿಸಿ ತೆಗೆದ ಹುಳಿಯ ಬಗ್ಗೆ ಬರೆದಿದ್ದರು. ನಮ್ಮ ಮಾವಿನ ಮರದಲ್ಲಿ ಎಲೆ ಹೊಲಿದು ಗೂಡು ಕಟ್ಟುವ ಚಗಳಿ ಇರುವೆ ಕಚ್ಚಿದ ಜಾಗ ಉರಿಯುವುದೂ ಅದೇ ಆಮ್ಲದಿಂದ. ಮಲೆನಾಡಿನವರು ಚಗಳಿ ಚಟ್ನಿ ಮಾಡುತ್ತಾರಲ್ಲ, ಆ ಹುಳಿಗೂ ನಮ್ಮ ಶೆಡ್ಡಿನ ಹುಳಿಗೂ ಹೆಸರು ಒಂದೇ.

ಅಡುಗೆಮನೆಯ ಇತರ ಹುಳಿಗಳಿಗೂ ಇದೇ ಕತೆ. ಪ್ರೊಪಿಯಾನಿಕ್ ಎಂಬ ಸಾದಾ ಆಮ್ಲದ ಪಿಕೆಎ 4.87. ಅದರಲ್ಲಿ ಸಿ-ಓ-ಓ-ಎಚ್‌ನ ಪಕ್ಕದ ಕಾರ್ಬನ್ನಿಗೆ ಒಂದು ಓ-ಎಚ್ ಗುಂಪು ಸೇರಿಸಿದರೆ ಅದು ಮೊಸರಿನ ಲ್ಯಾಕ್ಟಿಕ್ ಆಮ್ಲ, 3.86. ಓ-ಎಚ್ ಕೂಡ ಕ್ಲೋರಿನ್ನಿನಂತೆ, ಆದರೆ ಅಷ್ಟು ಜೋರಾಗಿ ಅಲ್ಲ, ಎಲೆಕ್ಟ್ರಾನ್ ಎಳೆಯುತ್ತದೆ. ಹುಣಸೆಹಣ್ಣಿನ ಟಾರ್ಟಾರಿಕ್ ಆಮ್ಲದಲ್ಲಿ ಎರಡು ಓ-ಎಚ್, ಎರಡು ಸಿ-ಓ-ಓ-ಎಚ್. ಒಂದು ಸಿ-ಓ-ಓ-ಎಚ್‌ಗೆ ಇನ್ನೊಂದು ಸಿ-ಓ-ಓ-ಎಚ್ ಕೂಡ ಎಳೆಯುವ ನೆರೆಯವನೇ. ಅದರ ಮೊದಲ ಪಿಕೆಎ 3ರ ಆಸುಪಾಸು. ಮೊಸರಿನ ಹುಳಿ ಒಂದು, ಹುಣಸೆಯ ಹುಳಿ ಇನ್ನೊಂದು ಎಂದು ನಮ್ಮ ನಾಲಿಗೆ ಹೇಳುವುದರಲ್ಲಿ ಈ ಅಂಕಿಗಳದ್ದೂ ಒಂದು ಪಾಲು ಉಂಟು. ಎಷ್ಟು ಹಾಕಿದ್ದೀರಿ ಎಂಬುದರದ್ದು ಅದಕ್ಕಿಂತ ದೊಡ್ಡ ಪಾಲು.

ಎಳೆಯುವವರು ಯಾರು ಎಂಬಷ್ಟೇ, ಎಲ್ಲಿ ನಿಂತು ಎಳೆಯುತ್ತಾರೆ ಎಂಬುದೂ ಮುಖ್ಯ. ನನಗೆ ಇಡೀ ವಿಷಯದಲ್ಲಿ ಬಹಳ ಇಷ್ಟವಾದ ಅಂಕಿಗಳು ಇವು. ಹಳಸಿದ ಬೆಣ್ಣೆಗೆ ಆ ವಾಸನೆ ಕೊಡುವ ಬ್ಯೂಟಿರಿಕ್ ಆಮ್ಲದ್ದು ನಾಲ್ಕು ಕಾರ್ಬನ್ನುಗಳ ಸರಪಳಿ, ಪಿಕೆಎ 4.82. ಸಿ-ಓ-ಓ-ಎಚ್‌ಗೆ ತಾಗಿದ ಕಾರ್ಬನ್ನಿನ ಮೇಲೆ ಕ್ಲೋರಿನ್ ಕೂತರೆ 2.86. ಅದೇ ಕ್ಲೋರಿನ್ ಒಂದು ಕಾರ್ಬನ್ ಆಚೆ ಸರಿದರೆ 4.05. ಇನ್ನೂ ಒಂದು ಆಚೆ ಹೋದರೆ 4.52. ಪಕ್ಕದಲ್ಲಿದ್ದಾಗ ಬಲವನ್ನು ಸುಮಾರು 90 ಪಟ್ಟು ಏರಿಸಿದ ಅದೇ ಕ್ಲೋರಿನ್, ಎರಡು ಹೆಜ್ಜೆ ದೂರ ಹೋದಾಗ ಎರಡು ಪಟ್ಟು ಏರಿಸಲಿಕ್ಕೇ ತಿಣುಕುತ್ತದೆ. ಅಣುವಿನ ಒಳಗೆ ಕಣ್ಣಿಗೆ ಕಾಣದ ಎಳೆತವನ್ನು ಒಂದೊಂದೇ ಹೆಜ್ಜೆ ಹಿಂದೆ ಸರಿಸಿ ಅಳೆದ ಹಾಗೆ.

ಬೆಂಜೀನ್ ಉಂಗುರ ಬಂದಾಗ ಆಟ ಇನ್ನೂ ಸ್ವಾರಸ್ಯ. ಬೆಂಜೋಯಿಕ್ ಆಮ್ಲದ ಪಿಕೆಎ 4.20. ಉಂಗುರದ ಎದುರು ತುದಿಯಲ್ಲಿ ನೈಟ್ರೋ ಗುಂಪು ಇಟ್ಟರೆ ಅದು ಎಳೆದು 3.44ಕ್ಕೆ ಇಳಿಸುತ್ತದೆ. ಅದೇ ಎದುರು ತುದಿಯಲ್ಲಿ ಓ-ಎಚ್ ಇಟ್ಟರೆ ಏನಾಗಬೇಕು? ಲ್ಯಾಕ್ಟಿಕ್ ಆಮ್ಲದಲ್ಲಿ ಓ-ಎಚ್ ಎಳೆಯಿತು, ಇಲ್ಲೂ ಎಳೆಯುತ್ತದೆ ಎಂದುಕೊಂಡರೆ ಉತ್ತರ ತಲೆಕೆಳಗು. ಅಂಕಿ 4.58ಕ್ಕೆ ಏರುತ್ತದೆ, ಆಮ್ಲ ದುರ್ಬಲವಾಗುತ್ತದೆ. ಉಂಗುರದ ಮೂಲಕ ಓ-ಎಚ್ ತನ್ನ ಎಲೆಕ್ಟ್ರಾನುಗಳನ್ನು ಒಳಗೆ ಕಳುಹಿಸುತ್ತದೆ, ಆ ತಳ್ಳು ಅದರ ಎಳೆತವನ್ನು ಮೀರಿಸುತ್ತದೆ. ಇನ್ನು ಅದೇ ಓ-ಎಚ್ ಅನ್ನು ಎದುರಿನಿಂದ ತಂದು ಸಿ-ಓ-ಓ-ಎಚ್‌ನ ಮಗ್ಗುಲಲ್ಲೇ ಕೂರಿಸಿ. ಪಿಕೆಎ ಒಮ್ಮೆಗೇ 2.98ಕ್ಕೆ ಬೀಳುತ್ತದೆ, ಎದುರು ತುದಿಯಲ್ಲಿದ್ದಾಗಿನದಕ್ಕಿಂತ 40 ಪಟ್ಟು ಪ್ರಬಲ. ಯಾಕೆಂದರೆ ಓ-ಎಚ್‌ನ ಹೈಡ್ರೋಜನ್ ಈಗ ಕೈ ಚಾಚಿ, ಆವೇಶ ಹೊತ್ತ ಆಕ್ಸಿಜನ್ನನ್ನು ನೇರವಾಗಿ ಹಿಡಿದುಕೊಳ್ಳುತ್ತದೆ. ಗುಂಪು ಅದೇ, ಉಂಗುರ ಅದೇ, ಜಾಗ ಮಾತ್ರ ಬೇರೆ.

ಈ ಕೊನೆಯ ಆಮ್ಲ ನಿಮಗೆ ಹೊಸದಲ್ಲ. ಅದು ಸ್ಯಾಲಿಸಿಲಿಕ್ ಆಮ್ಲ. ಮಳೆಗಾಲದಲ್ಲಿ ಹುಳುಕಡ್ಡಿಗೆ ಹಚ್ಚುವ ವಿಟ್‌ಫೀಲ್ಡ್ ಮುಲಾಮಿನಲ್ಲಿ ಬೆಂಜೋಯಿಕ್ ಮತ್ತು ಸ್ಯಾಲಿಸಿಲಿಕ್ ಎರಡೂ ಇರುತ್ತವೆ. ಅದೇ ಸ್ಯಾಲಿಸಿಲಿಕ್ ಆಮ್ಲದ ಓ-ಎಚ್‌ಗೆ ಅಸಿಟೈಲ್ ಗುಂಪಿನ ಮುಚ್ಚಳ ಹಾಕಿದರೆ ಆಸ್ಪಿರಿನ್. ಬೇಯರ್ ಕಂಪನಿಯ ಫೆಲಿಕ್ಸ್ ಹಾಫ್‌ಮನ್ 1897ರಲ್ಲಿ ಅದನ್ನು ಶುದ್ಧವಾಗಿ ತಯಾರಿಸಿದರು. ಮುಚ್ಚಳ ಹಾಕಿದ ಮೇಲೆ ಕೈ ಚಾಚಲಿಕ್ಕೆ ಹೈಡ್ರೋಜನ್ ಇಲ್ಲವಲ್ಲ, ಆಸ್ಪಿರಿನ್‌ನ ಪಿಕೆಎ 3.5ಕ್ಕೆ ಏರುತ್ತದೆ. ಎದೆನೋವು ಬಂದವರಿಗೆ ಡಾಕ್ಟರು ಜಗಿಯಲು ಕೊಡುವ ಮಾತ್ರೆಯೊಳಗೆ ಇಷ್ಟು ಸಂಗತಿ ಉಂಟು.

ಸಾಫ್ಟ್‌ವೇರಿನವನಾಗಿ ನಾನು ಈ ವಿಷಯಕ್ಕೆ ಸಿಕ್ಕಿಬಿದ್ದದ್ದು ಇಲ್ಲೇ. ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದ ಲೂಯಿಸ್ ಹ್ಯಾಮೆಟ್ 1937ರಲ್ಲಿ ಒಂದು ಕೆಲಸ ಮಾಡಿದರು. ಬೆಂಜೋಯಿಕ್ ಆಮ್ಲವನ್ನೇ ತಕ್ಕಡಿಯಾಗಿ ಇಟ್ಟುಕೊಂಡು, ಪ್ರತಿಯೊಂದು ಗುಂಪಿಗೂ ಅದು ಎಷ್ಟು ಎಳೆಯುತ್ತದೆ, ಎಷ್ಟು ತಳ್ಳುತ್ತದೆ ಎಂದು ಒಂದು ಅಂಕಿ ಕೊಟ್ಟರು. ಎಳೆಯುವುದಕ್ಕೆ ಅಧಿಕ ಚಿಹ್ನೆ, ತಳ್ಳುವುದಕ್ಕೆ ಋಣ ಚಿಹ್ನೆ. ಎದುರು ತುದಿಯ ನೈಟ್ರೋ ಗುಂಪಿಗೆ 0.78, ಮೀಥೈಲ್‌ಗೆ ಋಣ 0.17. ಒಂದು ಕಡೆ ಅಳೆದ ಈ ಅಂಕಿ ಎಷ್ಟೋ ಬೇರೆ ರಾಸಾಯನಿಕ ಕ್ರಿಯೆಗಳ ವೇಗವನ್ನೂ ಮುಂಚಿತವಾಗಿ ಹೇಳಿತು. 1962ರಲ್ಲಿ ಕ್ಯಾಲಿಫೋರ್ನಿಯಾದ ಪೊಮೋನಾ ಕಾಲೇಜಿನ ಕಾರ್ವಿನ್ ಹ್ಯಾನ್ಶ್, ಜಪಾನಿನ ತೋಶಿಯೋ ಫುಜಿತಾ ಮತ್ತು ಜೊತೆಗಾರರು ಆ ಅಂಕಿಗಳನ್ನು ಗಿಡಗಳ ಬೆಳವಣಿಗೆಯ ಮೇಲೆ ಪರಿಣಾಮ ಬೀರುವ ಫಿನಾಕ್ಸಿಅಸಿಟಿಕ್ ಆಮ್ಲಗಳಿಗೆ ಅನ್ವಯಿಸಿದರು. ಗದ್ದೆಯ ಕಳೆಗೆ ಹೊಡೆಯುವ 2,4-ಡಿ ಅದೇ ಕುಟುಂಬದ್ದು. ಆ ಹೆಸರಿನ ಎರಡು ಅಂಕಿಗಳು ಉಂಗುರದ ಮೇಲೆ ಎರಡು ಕ್ಲೋರಿನ್ ಎಲ್ಲಿ ಕೂತಿವೆ ಎಂದು ಹೇಳುತ್ತವೆ. ಇವತ್ತು ಔಷಧಿ ಕಂಪನಿಗಳು ಸಾವಿರಾರು ಅಣುಗಳನ್ನು ಕಂಪ್ಯೂಟರಿನಲ್ಲೇ ತೂಗಿ ನೋಡಿ, ಆರಿಸಿದ ಕೆಲವನ್ನು ಮಾತ್ರ ಪ್ರಯೋಗಾಲಯದಲ್ಲಿ ತಯಾರಿಸುತ್ತವೆ. ಆ ದಾರಿ ಶುರುವಾದದ್ದು ಆಮ್ಲಗಳ ಇಂಥ ಒಂದು ಪಟ್ಟಿಯಿಂದ ಎಂದು ತಿಳಿದಾಗ ನನಗೆ ನನ್ನ ಕಸುಬಿನ ಮೇಲೆ ಗೌರವ ಸ್ವಲ್ಪ ಹೆಚ್ಚಾಯಿತು.

ಎಳೆಯುವುದು, ತಳ್ಳುವುದು ಎಂದು ನಾನು ಹೇಳಿದ್ದು ಪೂರ್ತಿ ಕತೆ ಅಲ್ಲ ಎಂಬುದನ್ನೂ ಹೇಳಬೇಕು. ಉಳಿದುಹೋದ ಋಣಾವೇಶದ ಸುತ್ತ ನೀರಿನ ಅಣುಗಳು ಸಾಲುಗಟ್ಟಿ ನಿಲ್ಲುತ್ತವೆ, ಅದರ ಲೆಕ್ಕವೂ ಪಿಕೆಎಯಲ್ಲಿ ಸೇರಿರುತ್ತದೆ. ನೀರಿನಲ್ಲಿ ಪ್ರೊಪಿಯಾನಿಕ್ ಆಮ್ಲ ಅಸಿಟಿಕ್‌ಗಿಂತ ಸ್ವಲ್ಪ ದುರ್ಬಲ. ನೀರೇ ಇಲ್ಲದೆ ಅನಿಲ ರೂಪದಲ್ಲಿ ಅಳೆದರೆ ಅದೇ ಸ್ವಲ್ಪ ಪ್ರಬಲ! ಮಕ್ಕಳು ಪರೀಕ್ಷೆಯಲ್ಲಿ ಪುಸ್ತಕದ ಉತ್ತರವನ್ನೇ ಬರೆಯಲಿ, ತೊಂದರೆಯಿಲ್ಲ.

ಈಗ ಕ್ಯಾನಿನ ಲೇಬಲ್ಲಿಗೆ ಬರುತ್ತೇನೆ. ಊರಿನವರು ಇದೊಂದನ್ನು ಗಮನವಿಟ್ಟು ಕೇಳಬೇಕು. 'ದುರ್ಬಲ ಆಮ್ಲ' ಎಂಬ ಮಾತು ಸಾವಿರದಲ್ಲಿ ಎಷ್ಟು ಅಣು ಹೈಡ್ರೋಜನ್ ಬಿಡುತ್ತದೆ ಎಂಬುದನ್ನು ಮಾತ್ರ ಹೇಳುತ್ತದೆ. ಕ್ಯಾನಿನಲ್ಲಿ ಎಷ್ಟು ಅಣು ತುಂಬಿದ್ದಾರೆ ಎಂಬುದನ್ನು ಹೇಳುವುದಿಲ್ಲ. ವಿನೆಗರಿನಲ್ಲಿ ನೂರಕ್ಕೆ ಐದರಷ್ಟು ಆಮ್ಲ, ಉಳಿದದ್ದು ನೀರು. ರಬ್ಬರಿಗೆ ತರುವ ಫಾರ್ಮಿಕ್ ಸಾಮಾನ್ಯವಾಗಿ ನೂರಕ್ಕೆ 85. ಚರ್ಮದ ಮೇಲೆ ಬಿದ್ದಾಗ, ಬಿಟ್ಟ ಹೈಡ್ರೋಜನ್ನನ್ನು ಚರ್ಮ ಹೀರಿಕೊಳ್ಳುತ್ತಾ ಹೋದಂತೆ ಬಿಗಿಹಿಡಿದಿದ್ದ ಅಣುಗಳೂ ಒಂದೊಂದಾಗಿ ಬಿಡುತ್ತಾ ಹೋಗುತ್ತವೆ. ರಬ್ಬರ್ ಹಾಲಿನಲ್ಲಿ ನೋಡಿದೆವಲ್ಲ, ಅದೇ ಲೆಕ್ಕ. ಸಾವಿರದಲ್ಲಿ 41 ಎಂಬ ಸಮಾಧಾನ ಅಲ್ಲಿ ಇರುವುದಿಲ್ಲ. ಸಾವಿರವೂ ಕೊನೆಗೆ ಲೆಕ್ಕಕ್ಕೆ ಬರುತ್ತದೆ.

ಅಷ್ಟೇ ಅಲ್ಲ, ವಿಷದ ಲೆಕ್ಕಕ್ಕೂ ಪಿಕೆಎಗೂ ಸಂಬಂಧವಿಲ್ಲದಿರಬಹುದು. ಎಥನಾಲ್ ನಮ್ಮ ದೇಹದಲ್ಲಿ ಅಸಿಟಿಕ್ ಆಮ್ಲವಾಗುತ್ತದೆ, ಅದನ್ನು ದೇಹ ಸುಲಭವಾಗಿ ಉರಿಸಿ ಮುಗಿಸುತ್ತದೆ. ಮೆಥನಾಲ್ ದೇಹದಲ್ಲಿ ಫಾರ್ಮಿಕ್ ಆಮ್ಲವಾಗುತ್ತದೆ, ಅದನ್ನು ದೇಹ ಬೇಗ ಹೊರಹಾಕಲಾರದು. ಅದು ಜೀವಕೋಶಗಳ ಉಸಿರಾಟವನ್ನೇ ತಡೆಯುತ್ತದೆ, ಕಣ್ಣಿನ ನರ ಮೊದಲು ಹೋಗುತ್ತದೆ. 1981ರಲ್ಲಿ ಬೆಂಗಳೂರಿನಲ್ಲಿ ಮೆಥನಾಲ್ ಬೆರೆತ ಕಳ್ಳಭಟ್ಟಿ ಕುಡಿದು ನೂರಾರು ಮಂದಿ ಸತ್ತದ್ದನ್ನು ಹಿರಿಯರು ಪತ್ರಿಕೆಯಲ್ಲಿ ಓದಿರಬಹುದು. ಇನ್ನೊಂದು ಉದಾಹರಣೆ: ಅಸಿಟಿಕ್ ಆಮ್ಲದ ಒಂದು ಹೈಡ್ರೋಜನ್ ಜಾಗದಲ್ಲಿ ಫ್ಲೋರಿನ್ ಕೂತರೆ ಫ್ಲೋರೋಅಸಿಟಿಕ್ ಆಮ್ಲ, ಪಿಕೆಎ 2.59. ಬಲದಲ್ಲಿ ಕ್ಲೋರೋಅಸಿಟಿಕ್‌ನ ಹತ್ತಿರವೇ, ಹುಣಸೆಯ ಹುಳಿಗಿಂತ ತೀರಾ ದೂರವೂ ಇಲ್ಲ. ಆದರೆ ಅದನ್ನು ಒಳಗಿಟ್ಟುಕೊಂಡ ಒಂದು ಸಸ್ಯವನ್ನು ಮೇಯ್ದು ದಕ್ಷಿಣ ಆಫ್ರಿಕಾದಲ್ಲಿ ದನಗಳು ಸಾಯುತ್ತವೆ. ಹುಳಿಗೂ ಆ ಸಾವಿಗೂ ಸಂಬಂಧವಿಲ್ಲ. ಜೀವಕೋಶ ಅದನ್ನು ಅಸಿಟಿಕ್ ಎಂದೇ ಭಾವಿಸಿ ಒಳಗೆ ಬಿಟ್ಟುಕೊಂಡು ಸಿಕ್ಕಿಹಾಕಿಕೊಳ್ಳುತ್ತದೆ.

ಆದ್ದರಿಂದ ಶೆಡ್ಡಿನ ಕ್ಯಾನಿನ ವಿಷಯದಲ್ಲಿ ನಾಲ್ಕು ಮಾತು. ಆಸಿಡನ್ನು ಅದು ಬಂದ ಕ್ಯಾನಿನಲ್ಲೇ, ಲೇಬಲ್ ಸಹಿತ, ಮಕ್ಕಳ ಕೈಗೆ ಸಿಗದ ಕಡೆ ಇಡಿ. ಕುಡಿಯುವ ನೀರಿನ ಬಾಟಲಿಗೋ ತಂಪು ಪಾನೀಯದ ಬಾಟಲಿಗೋ ಸುರಿದು ಇಡುವುದು ಬೇಡವೇ ಬೇಡ. ನೀರಿನ ಬಣ್ಣದ್ದೇ ಅದು, ನೋಡಿದರೆ ಗೊತ್ತಾಗುವುದಿಲ್ಲ. ಫಾರ್ಮಿಕ್ ಆಸಿಡ್ ಒಳಗೆ ಹೋದವರ ಸ್ಥಿತಿಯ ಬಗ್ಗೆ ಕೇರಳದ ರಬ್ಬರ್ ಸೀಮೆಯ ವೈದ್ಯರು ಬರೆದದ್ದನ್ನು ಓದಿದವರು ಇದನ್ನು ಇಷ್ಟು ಒತ್ತಿ ಹೇಳಲೇಬೇಕಾಗುತ್ತದೆ. ತೆಳು ಮಾಡುವಾಗ ನೀರಿಗೆ ಆಸಿಡ್ ಹಾಕಿ, ಆಸಿಡಿಗೆ ನೀರಲ್ಲ. ಕೈಗೆ ಗ್ಲೌಸ್, ಕಣ್ಣಿಗೆ ಕನ್ನಡಕ ಇರಲಿ. ಟ್ಯಾಪಿಂಗಿಗೆ ಬರುವ ಅಣ್ಣಂದಿರಿಗೂ ಅಕ್ಕಂದಿರಿಗೂ ಅದನ್ನು ಮನೆಯವರೇ ತೆಗೆಸಿಕೊಡಬೇಕು. ಮೈಗೆ, ಕಣ್ಣಿಗೆ ಬಿದ್ದರೆ ಕೂಡಲೇ ಹರಿಯುವ ನೀರಿನಲ್ಲಿ ಕಾಲು ಗಂಟೆಗೆ ಕಡಿಮೆಯಿಲ್ಲದೆ ತೊಳೆದು ಆಸ್ಪತ್ರೆಗೆ ಹೋಗಿ. ಒಳಗೆ ಹೋಗಿದ್ದರೆ ವಾಂತಿ ಮಾಡಿಸಬೇಡಿ, ಸೋಡಾ ಕುಡಿಸಬೇಡಿ, ನೇರ ಆಸ್ಪತ್ರೆಗೆ ಕರೆದೊಯ್ಯಿರಿ. ಇರುವೆಯ ಹುಳಿ ಎಂದು ಹಗುರ ಮಾಡುವ ಹಾಗಿಲ್ಲ.

ಮಕ್ಕಳಿಗೆ ಒಂದು ಪ್ರಯೋಗ ಉಂಟು, ಫಾರ್ಮಿಕ್ ಇಲ್ಲದೆ. ಕ್ಯಾಲಿಬ್ರೇಷನ್ ಮಾಡಿದ ಒಂದು ಚಿಕ್ಕ ಪಿಎಚ್ ಮೀಟರ್ ತಂದಿದ್ದೇನೆ, ಪ್ರಯೋಗಾಲಯಕ್ಕೆ ಕೊಟ್ಟುಹೋಗುತ್ತೇನೆ. ಊಟ ಆದ ಮೇಲೆ ವಿಜ್ಞಾನದ ಮಾಸ್ಟ್ರ ಜೊತೆ ಅಲ್ಲಿಗೆ ಬನ್ನಿ. ನೂರಕ್ಕೆ ಐದರ ವಿನೆಗರಿನಲ್ಲಿ ಮೀಟರ್ ಅದ್ದಿದರೆ 2.4ರ ಹತ್ತಿರ ತೋರಿಸಬೇಕು. ಒಂದು ಪಾಲು ವಿನೆಗರಿಗೆ ಒಂಬತ್ತು ಪಾಲು ಶುದ್ಧ ನೀರು ಬೆರೆಸಿ. ಪ್ರಬಲ ಆಮ್ಲವಾಗಿದ್ದರೆ ಹತ್ತು ಪಟ್ಟು ತೆಳು ಮಾಡಿದಾಗ ಅಂಕಿ ಪೂರ್ತಿ ಒಂದು ಏರುತ್ತಿತ್ತು. ಇಲ್ಲಿ ಅರ್ಧದಷ್ಟೇ ಏರಿ 2.9ರ ಸುತ್ತ ನಿಲ್ಲುತ್ತದೆ, ಯಾಕೆಂದರೆ ನೀರು ಹೆಚ್ಚಾದಂತೆ ಮುಷ್ಟಿ ಬಿಗಿಹಿಡಿದಿದ್ದ ಅಣುಗಳಲ್ಲಿ ಇನ್ನಷ್ಟು ಬಿಡುತ್ತವೆ. ನಾನು ಕಂಪ್ಯೂಟರಿನಲ್ಲಿ ಎಣಿಸಿದ್ದನ್ನು ನೀವು ಲೋಟದಲ್ಲಿ ಎಣಿಸಬಹುದು. ಮೊದಲು ಬಂದ ನಾಲ್ಕು ಮಂದಿಗೆ ಮೀಟರ್ ಹಿಡಿಯುವ ಅವಕಾಶ, ಉಳಿದವರು ಅಂಕಿ ಬರೆದುಕೊಳ್ಳಿ.